ಅಪ್ಪನ ಅಳತೆ

ಜನವರಿ 3, ಶುಕ್ರವಾರ

ಪುಟ್ಟೀ,

ಚಳಿಗಾಲ ಈ ಸಲ ನಮ್ಮೂರಿನ ದಾರೀನೇ ಮರೆತುಬಿಟ್ಟಿದೆ ಕಣೆ. ಬೆಳಿಗ್ಗೆ ಎಂಟಕ್ಕೆ ಇಪ್ಪತ್ತೈದು ಡಿಗ್ರಿ! ಜನವರಿಯಲ್ಲಿ ಬನಿಯನ್ ಹಿಂಡಿದ್ರೆ ಬೆವರು ಸುರಿಯುತ್ತೆ. ಮೂವತ್ತೊಂದು ವರ್ಷ ಒಂದು ದಿನ ತಪ್ಪಿಸದೆ ಮಳೆ ಬಿಸಿಲು ಬರ್ಕೊಂಡು ಬಂದವನು ನಾನು, ಇಂಥ ಜನವರಿ ಕಂಡಿಲ್ಲ. ಹೋದ ತಿಂಗಳು ನಾಲ್ಕು ಕೋಟು ಹೊಲಿದಿಟ್ಟೆ. ಒಬ್ಬನಾದ್ರೂ ತಗೊಂಡು ಹೋಗೋಕೆ ಬರಬೇಕಲ್ಲ? ಅಂಗಡಿ ಗೋಡೆಗೆ ನೇತಾಕಿದ್ದೀನಿ, ಒಂದರ ಕಾಲರಿಗೆ ಆಗಲೇ ಬೂಷ್ಟು. ಅದು ತೂಬಿನ ಮಾಮಂದು. "ಕೋಟು ನೀನೇ ಇಟ್ಕೊ, ನನಗೊಂದು ಕೊಡೆ ಹೊಲಿದುಕೊಡು" ಅಂತಾನೆ.

ಮಳೆ ಅಂದ್ರೆ ಹನಿಯೋದಲ್ಲ, ಕಡಲ ಕಡೆಯಿಂದ ಬೆಚ್ಚಗಿನ ಗಾಳಿ ಜೊತೆ ಬಂದು ಸುರಿಯೋದು. ಇವತ್ತು ಹಿತ್ತಲ ಮಳೆ ಡಬ್ಬಿಯಲ್ಲಿ ಮೂವತ್ತೆರಡು ಮಿಲಿಮೀಟರ್. ಅಳತೆ ಗ್ಲಾಸು ಹಿಡಿಸೋದೇ ಹತ್ತು. ಒಂದೊಂದು ಗ್ಲಾಸು ತುಂಬಿ ಚೆಲ್ಲಿದ ಹಾಗೆ ಕಿಟಕಿ ಕಟ್ಟೆ ಮೇಲೆ ಒಂದೊಂದು ಗುಂಡಿ ಇಡೋದು. ನೆನಪಿದೆಯಾ, ಐದು ವರ್ಷದವಳಿದ್ದಾಗ ನೀನೇ ಶುರು ಮಾಡಿದ ಪದ್ಧತಿ. "ಅಪ್ಪ, ಎಣಿಕೆ ತಪ್ತೀಯ, ಗುಂಡಿ ತಪ್ಪಲ್ಲ" ಅಂದಿದ್ದೆ. ಇವತ್ತು ಮೂರು ಗುಂಡಿ, ಮೇಲೆ ಎರಡು ಗೆರೆ ಚಿಲ್ಲರೆ.

ಚೀಟಿ ಬರೆದು ಅಂಚೆಯಮ್ಮನಿಗೆ ಕೊಟ್ಟೆ. ಆಯಮ್ಮ ಅದನ್ನ ಫೋನಲ್ಲಿ ನಿಮ್ಮ ಹವಾಮಾನ ಕಚೇರಿಗೆ ಓದಿ ಹೇಳಿರ್ತಾರೆ, ಆ ತುದಿಯಲ್ಲಿ ಬರ್ಕೊಂಡವಳು ನೀನೇ. ಹೇಳೋನು ಅಪ್ಪ, ಬರ್ಕೊಳ್ಳೋಳು ಮಗಳು, ಆದ್ರೂ ಒಂದು ಮಾತು ಆಡೋ ಹಾಗಿಲ್ಲ. ಆ ಲೈನಲ್ಲಿ ಸ್ವಂತ ಮಾತು ಬೇಡ ಅಂತ ಕಾನೂನು ಮಾಡಿದ ಪುಣ್ಯಾತ್ಮನಿಗೆ ಮಕ್ಕಳಿಲ್ಲ ಅನ್ಸುತ್ತೆ.

ತೂಬಿನ ಮಾಮ ಸೊಂಟಕ್ಕೆ ಕೆರೆ ತೂಬಿನ ಕೀಲಿ ಸಿಕ್ಕಿಸ್ಕೊಂಡು ದಿನಾ ಬಂದು ಕೂರ್ತಾನೆ. ಕೆರೆ ಈಗಲೇ ತುಂಬಿದೆಯಂತೆ. ಬೇಸಿಗೆಗೆ ಕುಡಿಯೋ ನೀರಾಯ್ತು ಅಂತ ಖುಷಿಯಲ್ಲಿದ್ದಾನೆ. ನೀನು ಬೆಚ್ಚಗಿರು.

ಅಪ್ಪ

---

ಜನವರಿ 8, ಬುಧವಾರ

ಅಪ್ಪ,

ನೀನು ಬೆವರ್ತಿದ್ದೀಯ, ನಾನಿಲ್ಲಿ ಎರಡು ಸ್ವೆಟರ್ ಹಾಕ್ಕೊಂಡು ಬರೀತಿದ್ದೀನಿ. ಇಲ್ಲಿ ಒಂದು ಹನಿ ಬಿದ್ದಿಲ್ಲ. ಕಚೇರಿಯಲ್ಲಿ ಯಾರಿಗೆ ಹೇಳಿದ್ರೂ ನಂಬಲ್ಲ.

ಅದಕ್ಕೇ ಸ್ವಲ್ಪ ತಲೆನೋವು. ಸಾಹೇಬರು ನಿನ್ನ ಮೂವತ್ತೆರಡರ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದರು. ಗುಡ್ಡದ ಆ ಕಡೆ ಇಪ್ಪತ್ತು ಕಿಲೋಮೀಟರ್ ದೂರದ ಕೇಂದ್ರದವರು ಅವತ್ತು ಹೇಳಿದ್ದು ಮೂರು. "ವಯಸ್ಸಾದವರು ಚುಕ್ಕೆ ಇಡೋದು ಮರೀತಾರೆ, 3.2 ಇರಬೇಕು" ಅಂದರು. ಎಪ್ಪತ್ತು ದಾಟಿದವರ ಅಂಕಿ ಪಕ್ಕದ ಕೇಂದ್ರಕ್ಕೆ ತಾಳೆ ಆಗದಿದ್ರೆ ಡಬ್ಬಿ ಕಿತ್ತು, ಊರಾಚೆ ಮಷೀನು ಕೂರಿಸ್ತಾರಂತೆ. ಈ ತಿಂಗಳ ಕೊನೆಗೆ ಪಟ್ಟಿ ಹೊರಬೀಳುತ್ತೆ. ಇದನ್ನ ನಿನಗೆ ಹೇಳಬಾರದು ಅಂದ್ಕೊಂಡಿದ್ದೆ, ಬಾಯಿ ತಡೀಲಿಲ್ಲ. ನೀನೇನೂ ಯೋಚನೆ ಮಾಡ್ಬೇಡ. ಪೆನ್ನು ನನ್ನ ಕೈಯಲ್ಲಿ ಇರೋ ತನಕ ನಿನ್ನ ಡಬ್ಬಿ ಯಾರೂ ಮುಟ್ಟಲ್ಲ. ಅಮ್ಮ ಹೋದ ಮೇಲೆ ಬೆಳಿಗ್ಗೆ ಎದ್ದೇಳೋಕೆ ನಿನಗಿರೋ ನೆಪ ಅದೊಂದೇ ಅಂತ ನನಗೆ ಗೊತ್ತಿಲ್ವಾ?

ಒಂದು ಮಾತು ಕೇಳ್ತೀನಿ, ಬೈಬೇಡ. ಕಣ್ಣು ಹೇಗಿದೆ? ಸೋಮವಾರ ಅಂಕಿ ಹೇಳಿ ಫೋನ್ ಇಡೋ ಮುಂಚೆ ಅಂಚೆಯಮ್ಮ ಪಿಸುಗುಟ್ಟಿದರು, "ನಿಮ್ಮಪ್ಪ ನನ್ನ ಹತ್ರ ಸೂಜಿಗೆ ದಾರ ಪೋಣಿಸ್ಕೊಂಡು ಹೋದ್ರು" ಅಂತ.

ಪುಟ್ಟಿ

---

ಜನವರಿ 13, ಸೋಮವಾರ

ಪುಟ್ಟೀ,

ಅಂಚೆಯಮ್ಮನಿಗೆ ಹಂಚೋಕೆ ಕಾಗದ ಕಡಿಮೆ ಆಗಿ ಈಗ ಸುದ್ದಿ ಹಂಚ್ತಿದಾರೆ. ನನ್ನ ಕಣ್ಣಿಗೇನಾಗಿದೆ? ಕಪ್ಪು ಬಟ್ಟೆಗೆ ಕಪ್ಪು ದಾರ, ಮೋಡದ ಬೆಳಕು, ಹದಿನೆಂಟರ ಹುಡುಗಿಯೂ ಪೋಣಿಸಲಾರಳು. ಆ ಮಾತು ಬಿಡು.

ನಿಮ್ಮ ಕಚೇರಿಯ ವಾರದ ಮಳೆ ಲೆಕ್ಕದ ಹಾಳೆ ಇವತ್ತು ಬಂತು. ಓದಿದೆ. ಮೂರನೇ ತಾರೀಖು 3.2 ಅಂತಿದೆ. ಒಂಬತ್ತಕ್ಕೆ 5.8, ಹತ್ತಕ್ಕೆ 4.1. ನಾನು ಅಳೆದಿದ್ದು ಮೂವತ್ತೆರಡು, ಐವತ್ತೆಂಟು, ನಲವತ್ತೊಂದು. ಒಂಬತ್ತನೇ ತಾರೀಖು ಐದು ಗುಂಡಿ ಇಟ್ಟಿದ್ದು ಕೈಗೆ ನೆನಪಿದೆ. ನಿನ್ನೆ ಮೊನ್ನೆದೂ ಕಡಿಮೆ ಇಲ್ಲ, ಹನ್ನೊಂದಕ್ಕೆ ಅರವತ್ನಾಲ್ಕು.

ಸಾಹೇಬರು ತಿದ್ದಿದ್ದಾ? ಇಲ್ಲ ನನ್ನ ಚೀಟಿಯಲ್ಲೇ ಹಾಗಿತ್ತಾ? ಅಳತೆ ಸರಿ ಇದ್ದು ಬರೆಯೋವಾಗ ಕೈ ಚುಕ್ಕೆ ಇಟ್ಟುಬಿಡ್ತಾ? ಅಂಚೆಯಮ್ಮ ಚೀಟಿ ಓದಿದ ಕೂಡಲೇ ಹರಿದು ಬುಟ್ಟಿಗೆ ಹಾಕ್ತಾರೆ, ಕೇಳೋಕೂ ನಾಚಿಕೆ. ಇಡೀ ಊರಿಗೆ ಗೊತ್ತಾಗುತ್ತೆ. ನಿಮ್ಮಮ್ಮನಿಗೆ ಶುರುವಾಗಿದ್ದು ಹೀಗೇ ಅಲ್ವೇನೆ? ಏಳು ಕಾಜ ಇರೋ ಅಂಗಿಗೆ ಎಂಟು ಗುಂಡಿ ಹೊಲಿದು, "ಲೆಕ್ಕ ಸರಿ ಇದೆ" ಅಂತ ನನ್ನ ಹತ್ರ ಜಗಳ ಆಡಿದ್ಲು. ಎರಡು ವರ್ಷಕ್ಕೆ ನನ್ನನ್ನೇ "ಯಾರು ನೀವು" ಅಂದ್ಲು.

ಇದು ಬರೀ ನನ್ನ ಮರ್ಯಾದೆ ವಿಷಯ ಆಗಿದ್ರೆ ಹಾಳಾಗಲಿ ಅಂತಿದ್ದೆ. ತೂಬಿನ ಮಾಮನಿಗೆ ಇರೋ ಆಜ್ಞೆ ನಿನಗೆ ಗೊತ್ತಲ್ಲ: ಚಳಿಗಾಲದಲ್ಲಿ ತೂಬು ಮುಚ್ಚಿರಬೇಕು. ಹಾಳೆಯ ಪ್ರಕಾರ ಹತ್ತು ದಿನದ ಮಳೆ ಇನ್ನೂರು ದಾಟಿದ್ರೆ ಮಾತ್ರ ತೆಗೀಬೇಕು. ಆರು ವರ್ಷದ ಹಿಂದೆ ಅವನು ಸ್ವಂತ ಬುದ್ಧಿಯಲ್ಲಿ ತೆಗೆದು, ಬೇಸಿಗೆಯಲ್ಲಿ ಊರೆಲ್ಲ ಬಾಯಾರಿ, ಅವನ ಕೆಲಸ ಹೋಗೋದರಲ್ಲಿತ್ತು. ಈಗ ನೀರು ಕೆರೆ ಏರಿಯ ಅಂಚಿಗೆ ಒಂದೇ ಮೊಳ ಇದೆ ಅಂತಾನೆ. ಏರಿ ಕೆಳಗೆ ಬಲೆಯವರ ಬೀದಿ, ಹದಿನೇಳು ಮನೆ. ನಿಮ್ಮ ಸಾಹೇಬರಿಗೆ ಕಾಗದ ಹಾಕಿದ್ದಾನೆ.

ನೀನು ಏನು ಕೇಳಿಸ್ಕೊಂಡೆ ಅಂತ ನಿಜ ಹೇಳು. ಐವತ್ತೆಂಟಾ, ಐದು ಪಾಯಿಂಟ್ ಎಂಟಾ? ನಿನ್ನ ಮಾತೇ ನನಗೆ ಕೊನೆ.

ಅಪ್ಪ

---

ಜನವರಿ 16, ಗುರುವಾರ

ಅಪ್ಪ,

ನೀನು ಹೆದರಬೇಡ. ಮೊದಲು ಒಂದು ಲೋಟ ನೀರು ಕುಡಿ, ಆಮೇಲೆ ಮುಂದೆ ಓದು.

ಅಂಚೆಯಮ್ಮ ಹೇಳಿದ್ದು ಐದು ಪಾಯಿಂಟ್ ಎಂಟು. ನಿನ್ನ ಚೀಟಿಯಲ್ಲಿ ಹಾಗೇ ಇತ್ತಂತೆ. ಹತ್ತಕ್ಕೂ ಹಾಗೇ. ಮೂರನೇ ತಾರೀಖಿಗೆ ಬಿಟ್ಟುಹೋದ ಚುಕ್ಕೆ ಹಾಕಿದ್ದು ಬಿಟ್ರೆ ಇಲ್ಲಿ ಯಾರೂ ಏನೂ ತಿದ್ದಿಲ್ಲ. ಅಂದ್ರೆ ನೀನು ಬರೆದಿದ್ದು ಸರಿಯಾಗೇ ಇದೆ, ಆಮೇಲೆ ನೆನಪು ಮಾಡ್ಕೊಳ್ಳೋವಾಗ ದೊಡ್ಡದಾಗಿದೆ ಅಷ್ಟೆ. ಮಳೆ ಶಬ್ದ ಕೇಳ್ತಾ ಒಬ್ಬನೇ ಕೂತಿದ್ರೆ ಯಾರಿಗಾದ್ರೂ ಹಾಗಾಗುತ್ತೆ. ಇದು ಅಮ್ಮನ ಕಾಯಿಲೆ ಅಲ್ಲ. ಸುಮ್ಮನೆ ಏನೇನೋ ತಲೆಗೆ ಹಚ್ಕೋಬೇಡ.

ಪಕ್ಕದ ಕೇಂದ್ರಕ್ಕೆ ನಿನ್ನ ಅಂಕಿ ತಾಳೆ ಆಗ್ತಿದೆ. ಸಾಹೇಬರು ನಿನ್ನೆ "ನಿಮ್ಮ ತಂದೆಯವರು ಸುಧಾರಿಸಿದ್ದಾರೆ" ಅಂದರು. ಪಟ್ಟಿಯಲ್ಲಿ ನಿನ್ನ ಹೆಸರು ಬರಲ್ಲ. ಅದೊಂದು ಸಾಕು ನನಗೆ.

ಮಾಮನ ಕಾಗದ ಬಂದಿದೆ. ಉತ್ತರ ಹೋಗುತ್ತೆ. ಕೆರೆಯ ಅಳತೆ ಕಲ್ಲು ಕುಸಿದು ನೀರು ಹೆಚ್ಚು ಕಾಣ್ತಿರಬಹುದು ಅಂತಾರೆ ಇಲ್ಲಿ. ಅವನಿಗೆ ನನ್ನ ನಮಸ್ಕಾರ ಹೇಳು. ಈಜು ಕಲಿಸೋವಾಗ ನನ್ನ ಜುಟ್ಟು ಹಿಡಿದು ಎತ್ತಿದ್ದು ಇನ್ನೂ ಮರೆತಿಲ್ಲ ಅನ್ನು.

ಫೆಬ್ರವರಿಯಲ್ಲಿ ರಜೆ ಹಾಕಿ ಬರ್ತೀನಿ. ಕಣ್ಣಿನ ಡಾಕ್ಟರ ಹತ್ರ ಹೋಗೋಣ.

ಪುಟ್ಟಿ

---

ಜನವರಿ 18, ಶನಿವಾರ

ಪುಟ್ಟೀ,

ನಿನ್ನ ಕಾಗದ ಬಂತು. ತೂಬಿನ ಮಾಮನಿಗೆ ಕಚೇರಿ ಉತ್ತರವೂ ಇವತ್ತೇ ಬಂತು. "ಹಾಳೆಯ ಪ್ರಕಾರ ಹತ್ತು ದಿನದ ಮಳೆ ಮೂವತ್ತು ಮಿಲಿಮೀಟರ್. ತೂಬು ತೆಗೆಯುವ ಅಗತ್ಯವಿಲ್ಲ. ಅಳತೆ ಕಲ್ಲನ್ನು ಪರೀಕ್ಷಿಸಿಕೊಳ್ಳುವುದು." ನನ್ನ ಗುಂಡಿ ಲೆಕ್ಕದಲ್ಲಿ ಅದು ಮುನ್ನೂರು.

ಮಾಮ ಕೇಳಿದ: "ನಿನ್ನ ಗ್ಲಾಸು ಏನು ಹೇಳುತ್ತೆ ಹೇಳಿಬಿಡು, ಕೆಲಸ ಹೋದ್ರೆ ಹೋಗಲಿ, ಇವತ್ತೇ ತೆಗೀತೀನಿ." ಬಾಯಿ ತನಕ ಬಂದಿತ್ತು. ನಿನ್ನ ಮಾತು ನೆನಪಾಯ್ತು. "ನನ್ನ ಗ್ಲಾಸಿಗೆ ವಯಸ್ಸಾಯ್ತು ಮಾರಾಯ, ಹಾಳೆ ಹೇಳಿದ್ದೇ ಸರಿ" ಅಂದೆ. ಅವನು "ಹೋಗಲಿ ಬಿಡು, ಮಗಳೇನು ಸುಳ್ಳು ಹೇಳ್ತಾಳಾ?" ಅಂದು ಎದ್ದು ಹೋದ.

ಇನ್ನು ಮೇಲೆ ನಾನೇ ಜೋಪಾನವಾಗಿ ಚುಕ್ಕೆ ಇಡ್ತೀನಿ. ಇವತ್ತು ಐದು ಗುಂಡಿ ಆಯ್ತು, ಆದ್ರೂ 5.2 ಅಂತ ಬರೆದುಕೊಟ್ಟೆ. ಬೇಜಾರಿಲ್ಲ. ಮೂವತ್ತೊಂದು ವರ್ಷ ನನ್ನ ಕೈಯನ್ನ ನಂಬಿದೆ, ಇನ್ನು ನಿನ್ನನ್ನ ನಂಬ್ತೀನಿ.

ಕೋಟುಗಳಿಗೆಲ್ಲ ಬೂಷ್ಟು ಹತ್ತಿದೆ.

ಅಪ್ಪ

---

ಜನವರಿ 25, ಶನಿವಾರ

ಪುಟ್ಟೀ,

ನಿನ್ನ ಕಾಗದ ಬಂದಿಲ್ಲ. ರಸ್ತೆ ಕಿತ್ತುಹೋಗಿದೆ, ಅದಕ್ಕೇ ಇರಬೇಕು. ಸುದ್ದಿ ನಿನಗೆ ಗೊತ್ತಾಗಿರುತ್ತೆ. ಆದ್ರೂ ನಾನು ಹೇಳಬೇಕು.

ಮಂಗಳವಾರ ಬೆಳಿಗ್ಗೆ ಏಳಕ್ಕೇ ಮಾಮ ಬಂದ. ಏರಿ ಮೇಲೆ ನೀರು ತುಳುಕ್ತಿದೆ ಅಂದ. ನಾನಾಗಲೇ ಡಬ್ಬಿ ಅಳೆದು ಮುಗಿಸಿದ್ದೆ. ಕಿಟಕಿ ಕಟ್ಟೆ ಮೇಲೆ ಗುಂಡಿ ನೋಡಿ, ಒಂದೊಂದಾಗಿ ಮುಟ್ಟಿ ಎಣಿಸಿದ. ಒಂಬತ್ತು. "ಇದು ಒಂಬತ್ತು ಕಣೋ, ತೊಂಬತ್ತು ಮಿಲಿಮೀಟರು" ಅಂದ. ನಾನೇನಂದೆ ಗೊತ್ತಾ? "ನಾನು ಒಂದೇ ಗ್ಲಾಸಿಗೆ ಎರಡೆರಡು ಸಲ ಗುಂಡಿ ಇಟ್ಟಿರಬಹುದು, ನನ್ನನ್ನ ಕೇಳಬೇಡ" ಅಂದೆ. ಅವನು ನನ್ನ ಮುಖ ನೋಡಿದ. ಹೆಗಲ ಮೇಲೊಮ್ಮೆ ಕೈ ಇಟ್ಟು, "ಚಹಾ ಇಟ್ಟಿರು, ಬಂದೆ" ಅಂತ ಓಡಿದ.

ಯಾರನ್ನೂ ಕೇಳದೆ ತೂಬು ತೆಗೆಯೋಕೆ ಹೋದ. ತಿರುಗಣೆ ಅರ್ಧ ತಿರುಗಿತ್ತಂತೆ. ಏರಿ ನೆನೆದು ಮುದ್ದೆಯಾಗಿತ್ತು, ಅವನು ನಿಂತಿದ್ದ ಕಡೆಯೇ ಒಡೀತು. ಎಂಟೂವರೆ ಗಂಟೆ. ಬಲೆಯವರ ಬೀದಿಯಲ್ಲಿ ಮನೆ ಅನ್ನೋದು ಒಂದೂ ಇಲ್ಲ. ಗಂಡಸರು ಕಡಲಿಗೆ ಹೋಗಿದ್ರು. ಮನೆಯಲ್ಲಿದ್ದವರು ಆರು ಜನ ಹೋದ್ರು, ಮಾಮ ಏಳನೆಯವನು. ಎರಡು ದಿನ ಆದ್ಮೇಲೆ ಸಿಕ್ಕಿದ. ಕೀಲಿ ಸೊಂಟದಲ್ಲೇ ಇತ್ತು.

ಚಹಾ ಇಟ್ಟಿದ್ದೆ ಪುಟ್ಟೀ.

ಕೊಂದವನು ನಾನು. ಇದನ್ನ ಯಾರೂ ಹೇಳ್ತಿಲ್ಲ, ಎಲ್ಲರೂ ಮಳೆ ಅಂತಿದಾರೆ. ನನ್ನ ಅಳತೆ ಸರಿ ಇತ್ತು ಅಂತ ಈಗ ಕೆರೆಯೇ ಹೇಳಿತಲ್ಲ. ಕೈ ಕೆಟ್ಟಿತ್ತು. ಒಂಬತ್ತನೇ ತಾರೀಖೇ ಈ ದರಿದ್ರ ಕೈ ಚುಕ್ಕೆ ಇಡದೆ ಐವತ್ತೆಂಟು ಅಂತ ಬರೆದಿದ್ರೆ ನೀನು ಹಾಗೇ ಬರ್ಕೊತಿದ್ದೆ, ಹಾಳೆ ಹಾಗೇ ಬರ್ತಿತ್ತು, ಮಾಮ ವಾರದ ಹಿಂದೆಯೇ ತೂಬು ತೆಗೀತಿದ್ದ. ನಿಮ್ಮಮ್ಮನ ಕಾಯಿಲೆ ಅವಳೊಬ್ಬಳನ್ನೇ ತಗೊಂಡು ಹೋಯ್ತು. ನಂದು ಏಳು ಜನರನ್ನ. ಬಲೆಯವರು ನನ್ನ ಅಂಗಡಿ ಮುಂದೆ ಹೋಗೋವಾಗ ಈಗಲೂ "ಮಾಸ್ತರೇ" ಅಂತ ಕರೀತಾರೆ. ಒಳಗೆ ಹೋಗಿ ಬಾಗಿಲು ಹಾಕ್ಕೊಳ್ತೀನಿ.

ಬುಧವಾರದಿಂದ ಅಳೆದಿಲ್ಲ. ಗ್ಲಾಸು ತೊಳೆದು ಬೋರಲು ಹಾಕಿದ್ದೀನಿ. ಮಷೀನಿನವರನ್ನ ಕಳಿಸು ಅಂತ ಸಾಹೇಬರಿಗೆ ಹೇಳು.

ಅಪ್ಪ

---

ಜನವರಿ 29, ಬುಧವಾರ

ಅಪ್ಪ,

ನಿನ್ನ ಕೈ ಕೆಟ್ಟಿಲ್ಲ. ನೀನು ಚುಕ್ಕೆ ಇಟ್ಟಿರಲಿಲ್ಲ.

ಅಂಚೆಯಮ್ಮ ಮೂವತ್ತೆರಡು ಅಂದರು, ಐವತ್ತೆಂಟು ಅಂದರು, ನಲವತ್ತೊಂದು ಅಂದರು. ನಾನು ಬರೆದಿದ್ದ 32ನ್ನ ಆಮೇಲೆ 3.2 ಮಾಡಿದೆ, ಕಿವಿಯಾರೆ ಕೇಳಿಯೂ 5.8 ಬರ್ಕೊಂಡೆ, 4.1 ಬರ್ಕೊಂಡೆ. ಸಾಹೇಬರು ಗೆರೆ ಎಳೆದ ದಿನದಿಂದ ಒಂದೊಂದು ಅಂಕಿಯನ್ನೂ ತಿದ್ದಿದವಳು ನಾನು. ಆಮೇಲೆ ನೀನು ಕೇಳಿದಾಗ ಸುಳ್ಳು ಬರೆದೆ. ನಿನ್ನ ಚೀಟಿಯಲ್ಲೇ ಹಾಗಿತ್ತು ಅಂದೆ. ನಿನ್ನ ಬುದ್ಧಿ ನಿನಗೇ ಸುಳ್ಳು ಅನ್ನೋ ಹಾಗೆ ಮಾಡಿದೆ.

ನಿನಗೆ ಮರೆವು ಶುರುವಾಗಿದೆ ಅಂತ ನಿಜವಾಗಿ ನಂಬಿದ್ದೆ ಅಪ್ಪ. ಸೂಜಿಯ ಮಾತು ಕೇಳಿ ಗಾಬರಿಯಾದೆ. ಅಮ್ಮ ನೆನಪಾದಳು. ಡಬ್ಬಿ ಕಿತ್ತರೆ ನೀನು ಒಂದು ವರ್ಷ ಬದುಕಲ್ಲ ಅಂದ್ಕೊಂಡೆ. ಆದ್ರೆ ಗುಂಡಿ? ತುಂಬಿದ ಗ್ಲಾಸಿಗೆ ಒಂದು ಗುಂಡಿ. ಅದರಲ್ಲಿ ಚುಕ್ಕೆ ಮರೆಯೋಕೆ ಜಾಗ ಎಲ್ಲಿದೆ? ಐದು ಗುಂಡಿ ಅಂದ್ರೆ ಐವತ್ತೇ, ಐದು ಆಗೋಕೆ ಸಾಧ್ಯವೇ ಇಲ್ಲ. ಆ ಪದ್ಧತಿ ಮಾಡಿದವಳು ನಾನೇ. ಪ್ರಪಂಚದಲ್ಲಿ ಇನ್ಯಾರಿಗೆ ಗೊತ್ತಿಲ್ಲದಿದ್ರೂ ನನಗೆ ಗೊತ್ತಾಗಬೇಕಿತ್ತು. ಮೂರನೇ ತಾರೀಖಿನ ಕಾಗದದಲ್ಲಿ ಬರೆದಿದ್ದೆ ನೀನು. "ಅಯ್ಯೋ, ಅಪ್ಪ ಇನ್ನೂ ಗುಂಡಿ ಇಡ್ತಾನೆ" ಅಂತ ನಕ್ಕು ಮಡಚಿಟ್ಟೆ.

ಇನ್ನೂ ಇದೆ. ಮಾಮನಿಗೆ ಬಂದ ಉತ್ತರ ಟೈಪ್ ಮಾಡಿದವಳೂ ನಾನೇ. ಅವನ ಕಾಗದದಲ್ಲಿ "ಒಂದು ಮೊಳ" ಅಂತ ಓದಿದಾಗ ಕೈ ನಿಂತಿತು. ಆ ಗಳಿಗೆ ನನಗೆ ಅನುಮಾನ ಬಂತು. ಎದ್ದು ಹೋಗಿ ಹೇಳಿದ್ರೆ ಆಗ್ತಿತ್ತು. ಹೇಳಿದ್ರೆ ನಿನ್ನ ಡಬ್ಬಿ ಜೊತೆ ನನ್ನ ಕೆಲಸವೂ ಹೋಗುತ್ತೆ ಅಂತ ಅನ್ನಿಸ್ತು. ಎಲ್ಲಾ ನಿನಗೋಸ್ಕರ ಮಾಡಿದೆ ಅಂತ ಹೇಳ್ಕೊಳ್ಳೋ ಹಾಗೂ ಇಲ್ಲ ನಾನು. ಹದಿನೆಂಟಕ್ಕೆ 5.2 ಬಂತಲ್ಲ, ಅವತ್ತು ಎಷ್ಟು ಸಮಾಧಾನ ಆಯ್ತು ಗೊತ್ತಾ? ಅಪ್ಪ ಸರಿಯಾಗಿದ್ದಾನೆ, ಇನ್ನು ನಾನು ತಿದ್ದೋ ಹಾಗಿಲ್ಲ ಅಂತ ಸಂಜೆ ಸಿಹಿ ತಂದು ತಿಂದೆ.

ರಸ್ತೆ ಕಿತ್ತಿದೆ, ಅದಕ್ಕೇ ಹೋಗಿಲ್ಲ ಅಂತ ಇಲ್ಲಿ ಎಲ್ಲರಿಗೂ ಹೇಳ್ತಿದ್ದೀನಿ. ಸೋಮವಾರದಿಂದಲೇ ಬಸ್ ಓಡ್ತಿದೆ. ಎರಡು ಸಲ ನಿಲ್ದಾಣಕ್ಕೆ ಹೋಗಿ ವಾಪಸು ಬಂದೆ. ನಿನ್ನ ಮುಖ ನೋಡಿ ಇದನ್ನ ಹೇಳೋ ಶಕ್ತಿ ನನಗಿಲ್ಲ. ಅದಕ್ಕೇ ಬರೆದಿದ್ದೀನಿ. ನಿನ್ನ ಅಳತೆ ಮೂವತ್ತೊಂದು ವರ್ಷವೂ ಸರಿ ಇತ್ತು. ಅದೊಂದನ್ನ ನಂಬು. ಆಮೇಲೆ ನನ್ನನ್ನ ಮಗಳು ಅನ್ನದಿದ್ರೂ ಸರಿ.

ಪುಟ್ಟಿ

---

ಫೆಬ್ರವರಿ 4, ಮಂಗಳವಾರ

ಪುಟ್ಟೀ,

ನಿನ್ನ ಕಾಗದ ಬಂತು. ದಪ್ಪಗಿದೆ.

ಈಗ ಮುಚ್ಚಿಟ್ಟು ಏನು ಪ್ರಯೋಜನ, ಹೇಳಿಬಿಡ್ತೀನಿ. ನನಗೆ ಓದೋಕೆ ಆಗಲ್ಲ ಕಣೆ. ಒಂದು ವರ್ಷದ ಮೇಲಾಯ್ತು. ಬೆಳಕು ಕಾಣುತ್ತೆ, ಆಕಾರ ಕಾಣುತ್ತೆ, ಅಕ್ಷರ ಇರುವೆ ಸಾಲಿನ ಹಾಗೆ ಸರಿದುಹೋಗುತ್ತೆ. ಬರೆಯೋದು ಕೈ ಅಭ್ಯಾಸ, ಕಾಗದದ ಮೇಲೆ ಅಳತೆ ಪಟ್ಟಿ ಇಟ್ಕೊಂಡು ಬರೀತೀನಿ. ನಿನ್ನ ಕಾಗದ ಓದ್ತಿದ್ದವನು, ವಾರದ ಹಾಳೆ ಓದ್ತಿದ್ದವನು, ಥರ್ಮಾಮೀಟರ್ ನೋಡಿ ಹೇಳ್ತಿದ್ದವನು ತೂಬಿನ ಮಾಮ. ಮಳೆ ಅಳೆಯೋಕೆ ಮಾತ್ರ ಕಣ್ಣು ಬೇಕಿರಲಿಲ್ಲ. ಗ್ಲಾಸಿನ ಬಾಯಿಗೆ ಬೆರಳು ಇಟ್ಕೊಂಡ್ರೆ ತುಂಬಿದ್ದು ಗೊತ್ತಾಗುತ್ತೆ, ಗುಂಡಿ ಇಟ್ರೆ ಆಯ್ತು; ಚಿಲ್ಲರೆಗೆ ಬೆರಳು ಒಳಗೆ ಇಳಿಸಿದ್ರೆ ನೀರು ಎಷ್ಟಿದೆ ಅಂತ ತಿಳಿಯುತ್ತೆ. ನಿನಗೆ ಹೇಳಿದ್ರೆ ಕೆಲಸ ಬಿಟ್ಟು ಓಡಿಬರ್ತೀಯ ಅಂತ ಹೇಳಲಿಲ್ಲ. ಅವನ ಹತ್ರ ಆಣೆ ಹಾಕಿಸ್ಕೊಂಡಿದ್ದೆ.

ಅಂಚೆಯಮ್ಮ, "ಕೊಡಿ, ನಾನು ಓದಿ ಹೇಳ್ತೀನಿ" ಅಂದರು. ಬೇಡ ಅಂದೆ. ಅದರಲ್ಲೇನಿದೆ ಅಂತ ನನಗೆ ಗೊತ್ತು. ಅಪ್ಪ, ನಿನ್ನ ತಪ್ಪಲ್ಲ, ನಿನ್ನ ತಪ್ಪಲ್ಲ ಅಂತ ಪುಟಗಟ್ಟಲೆ ಬರೆದಿರ್ತೀಯ. ಬಲೆಯವರ ಬೀದಿಯ ಆರೂ ಹೆಣಕ್ಕೆ ಬಟ್ಟೆ ಹೊದಿಸಿದ ಹೆಂಗಸು ಆಯಮ್ಮ, ಅವರ ಬಾಯಲ್ಲಿ ಆ ಮಾತು ಕೇಳೋಕೆ ನನಗೆ ಮುಖ ಇಲ್ಲ. ನೀನು ಯಾವತ್ತೂ ನನಗೆ ಸುಳ್ಳು ಹೇಳಿದವಳಲ್ಲ. ನನ್ನ ಸಮಾಧಾನಕ್ಕೆ ಅಂತ ಈಗ ಶುರು ಮಾಡ್ಬೇಡ ತಾಯಿ.

ಚಳಿ ಬಂದಿದೆ. ಎಷ್ಟು ಡಿಗ್ರಿ ಅಂತ ಓದಿ ಹೇಳೋರಿಲ್ಲ, ಮೂಳೆಗೆ ಗೊತ್ತಾಗುತ್ತೆ. ಒಂದು ವಾರದಿಂದ ಡಬ್ಬಿ ಒಣಗಿದೆ. ಬೂಷ್ಟು ಒರೆಸಿಕೊಟ್ಟೆ, ಮೂರು ಕೋಟು ಹೋದವು. ಒಂದು ಗೋಡೆಯಲ್ಲಿದೆ.

ರಜೆ ಸಿಕ್ಕಿದ ಮೇಲೆ ಬಾ. ಬಂದು ನೀನೇ ಓದು, ಎದುರಿಗೆ ಕೂತು ಕೇಳ್ತೀನಿ. ಕಾಗದ ಒಡೆದಿಲ್ಲ, ಗುಂಡಿ ಡಬ್ಬಿಯಲ್ಲಿ ಹಾಕಿಟ್ಟಿದ್ದೀನಿ.

ಅಪ್ಪ